ಅಂಗಳಕ್ಕೊಂದು ದಾಳಿಂಬೆ

ಹೊಸ ಮನೆ ಕಟ್ಟಿಸಿದವರು ಅಂಗಳದಲ್ಲಿ ಯಾವ ಗಿಡ ನೆಡಲಿ ಎಂದು ಕೇಳಿದರೆ ನಾನು ಮೊದಲು ಹೇಳುವುದು ದಾಳಿಂಬೆಯನ್ನೇ. ಮಾವು, ಹಲಸಿನಂತೆ ತಾರಸಿಯ ಮೇಲೆ ಹರಡುವುದಿಲ್ಲ. ಸವರುತ್ತಿದ್ದರೆ ಎಂಟು ಹತ್ತು ಅಡಿಗೇ ನಿಲ್ಲುತ್ತದೆ. ಮಲೆನಾಡಿನ ನನ್ನ ತವರಿನಲ್ಲಿ ಮಳೆಗೆ ಸಿಕ್ಕಿ ಕಾಯಿ ಕೊಳೆಯುತ್ತಿತ್ತು. ಮದುವೆಯಾಗಿ ಚಿತ್ರದುರ್ಗದ ಕಡೆಗೆ ಬಂದ ಮೇಲೆಯೇ ಇದು ಬಿಸಿಲಿನ ಗಿಡವೆಂದು ತಿಳಿದದ್ದು. ಕೆಂಡದ ಬಣ್ಣದ ಹೂ ತುಂಬಿದಾಗ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ.

ಸಸಿ ಕೊಳ್ಳುವಾಗ ಎಚ್ಚರವಿರಲಿ. ಎಸಳು ಮುದ್ದೆಮುದ್ದೆಯಾಗಿ ಅರಳುವ ಅಲಂಕಾರದ ಜಾತಿಯೊಂದಿದೆ. ನೋಡಲು ಚೆಂದ, ಕಾಯಿ ಕಚ್ಚುವುದಿಲ್ಲ. ಹೂವೂ ಬೇಕು, ಹಣ್ಣೂ ಬೇಕು ಎನ್ನುವವರು ಭಗವಾ ಅಥವಾ ಗಣೇಶ್ ತಳಿಯ ಗೂಟಿ ಸಸಿ, ಅಂದರೆ ತಾಯಿ ಗಿಡದ ಕೊಂಬೆಯಲ್ಲೇ ಬೇರು ಬರಿಸಿ ಕತ್ತರಿಸಿದ ಸಸಿ, ಕೇಳಿ ತನ್ನಿ. ಬೀಜದ ಸಸಿ ತಾಯಿಯ ಗುಣವನ್ನೇ ಕೊಡುತ್ತದೆ ಎಂಬ ಭರವಸೆಯಿಲ್ಲ.

ಮೇ ತಿಂಗಳಲ್ಲೇ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಹದಿನೈದು ದಿನ ಬಿಸಿಲಿಗೆ ಬಿಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮೇಲ್ಮಣ್ಣಿಗೆ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಜಿಗುಟು ಮಣ್ಣಾದರೆ ಮರಳು ಸೇರಿಸಿ, ಬುಡವನ್ನು ಸ್ವಲ್ಪ ದಿಬ್ಬ ಮಾಡಿ. ದಾಳಿಂಬೆ ಬರ ತಡೆಯುತ್ತದೆ, ಬುಡದಲ್ಲಿ ನಿಂತ ನೀರನ್ನು ತಡೆಯುವುದಿಲ್ಲ.

ಬೇರು ಹಿಡಿದ ಮೇಲೆ ನೀರು ಹದವಾಗಿರಬೇಕು. ಒಂದು ವರ್ಷ ನಾವು ಊರಿಗೆ ಹೋಗಿ ಇಪ್ಪತ್ತು ದಿನ ಗಿಡ ಒಣಗಿತ್ತು. ಬಂದ ದಿನವೇ ಮರುಕದಿಂದ ಕೊಡಗಟ್ಟಲೆ ನೀರು ಸುರಿದೆ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಬಲಿತ ಕಾಯಿಗಳೆಲ್ಲ ಬಿರಿದು, ಕಾಳಿಗೆ ಇರುವೆ ಮುತ್ತಿತ್ತು. ಅಂದಿನಿಂದ ವಾರಕ್ಕೆರಡು ಸಲ, ಅಳತೆಯಾಗಿ, ಕಾಂಡದಿಂದ ಒಂದು ಗೇಣು ದೂರದ ಪಾತಿಗೆ ನೀರು ಬಿಡುತ್ತೇನೆ.

ಹೂ ಉದುರಿತೆಂದು ಕಂಗಾಲಾಗಬೇಡಿ. ಹೂವನ್ನು ಕೈಯಲ್ಲಿ ಹಿಡಿದು ಬುಡ ನೋಡಿ: ಪುಟ್ಟ ಹೂಜಿಯಂತೆ ಉಬ್ಬಿದ್ದರೆ ಕಾಯಾಗುತ್ತದೆ, ಸಪೂರವಾಗಿ ಗಂಟೆಯಂತಿದ್ದರೆ ಅದು ಉದುರುವ ಹೂವೇ. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಹಳೆಯ ಪಂಚೆಯ ತುಂಡಿನಿಂದ ಚೀಲ ಹೊಲಿದು ಕಟ್ಟಿ. ಚಿಟ್ಟೆ ಮೊಟ್ಟೆಯಿಟ್ಟು ಹುಳು ಕೊರೆಯುವುದು ತಪ್ಪುತ್ತದೆ.

ಮೂರು ನಾಲ್ಕು ಕಾಂಡ ಉಳಿಸಿಕೊಂಡು ಬುಡದಿಂದ ಏಳುವ ಚಿಗುರನ್ನೆಲ್ಲ ತೆಗೆಯಿರಿ. ಎಳೆಯ ಕುಡಿಗಳನ್ನು ಮಾತ್ರ ಎಸೆಯಬೇಡಿ. ಜೀರಿಗೆ, ಮೆಣಸಿನ ಕಾಳಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧ. ಬೇಸಿಗೆಯ ಮಧ್ಯಾಹ್ನ ಬಿಸಿ ಅನ್ನಕ್ಕೆ ನನಗೆ ಬೇರೇನೂ ಬೇಡ.

ಹೂವಿನಿಂದ ಹಣ್ಣಿಗೆ ಐದಾರು ತಿಂಗಳು ಬೇಕು. ದುಂಡಗಿದ್ದ ಕಾಯಿಯ ಮೈ ಅಲ್ಲಲ್ಲಿ ಚಪ್ಪಟೆಯಾಗಿ ಅಂಚು ಮೂಡಿದಾಗ ಬೆರಳಿನಿಂದ ತಟ್ಟಿ ನೋಡಿ, ಲೋಹದಂತೆ ಟಣ್ಣೆನ್ನುತ್ತದೆ. ಆಗ ಎಳೆದು ಕೀಳದೆ, ಕತ್ತರಿಯಿಂದ ತೊಟ್ಟು ಕತ್ತರಿಸಿ.