ಹುಂಜದ ಮುಳ್ಳು, ಹೇಂಟೆಯ ಗಾಯ

ಹುಂಜ ಮೈಮೇಲೆ ಬಂದ ಕೂಡಲೇ ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗ್ತೀರಲ್ಲ, ಮೊದಲು ಅದನ್ನ ಬಿಡಿ. ಹೊಡೆದರೆ ಅದರ ಲೆಕ್ಕದಲ್ಲಿ ನೀವೂ ಇನ್ನೊಂದು ಹುಂಜ, ನಾಳೆ ಮತ್ತೆ ಕಾದಿರುತ್ತೆ. ಓಡಿದರೆ ತಾನೇ ಗೆದ್ದೆ ಅಂದ್ಕೊಳ್ಳುತ್ತೆ. ಬೆನ್ನು ತೋರಿಸದೆ ನಿಂತಲ್ಲೇ ನಿಲ್ಲಿ, ಅದು ಮುಖ ತಿರುಗಿಸಿ ನೆಲ ಕೆದಕೋ ತನಕ. ಮಕ್ಕಳ ಮುಖಕ್ಕೇ ಹಾರೋ ಹುಂಜವನ್ನ ಮಾತ್ರ ಇಟ್ಟುಕೋಬೇಡಿ, ಕೊಯ್ದು ಸಾರು ಮಾಡಿ. ಹುಂಜದ ಕಾಲಿನ ಹಿಂಬದಿಯ ಮುಳ್ಳು ನಿಮಗೆ ಚುಚ್ಚಿದ್ದರೆ ಸೋಪು ಹಾಕಿ ತೊಳೆದು ಟಿಟಿ ಇಂಜೆಕ್ಷನ್‌ಗೆ ಹೋಗಿ, ಅರಿಸಿನ ಮೆತ್ತಿ ಸುಮ್ಮನಿರಬೇಡಿ.

ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ನಾಲ್ಕು ಹೇಂಟೆ ಮಧ್ಯೆ ಎರಡು ಹುಂಜ ಬಿಟ್ಟು, ಬೆನ್ನಿನ ಪುಕ್ಕ ಯಾಕೆ ಉದುರ್ತಿದೆ ಅಂತ ಕೇಳ್ತೀರಿ! ದಪ್ಪ ಗಿರಿರಾಜ ತಳಿಯ ಹುಂಜವನ್ನ ನಾಟಿ ಹೇಂಟೆಗಳ ಜೊತೆ ಬಿಡೋದಂತೂ ಬೇಡವೇ ಬೇಡ. ಮೇಲೇರಿದಾಗ ಅದರ ಭಾರಕ್ಕೆ ಹೇಂಟೆಯ ಚರ್ಮವೇ ಹರಿಯುತ್ತೆ.

ಇನ್ನು ಮುಳ್ಳಿನ ವಿಷಯ. ಕಟಿಂಗ್ ಪ್ಲೇಯರ್ ತಗೊಂಡು ಕಟ್ ಅಂತ ಕತ್ತರಿಸೋರನ್ನ ಕಂಡರೆ ಮೈ ಉರಿಯುತ್ತೆ. ಮುಳ್ಳಿನ ಹೊರಗಿನದು ಉಗುರಿನ ಹಾಗೆ, ಒಳಗೆ ಮೂಳೆ, ರಕ್ತ ಎಲ್ಲ ಇದೆ. ಅದನ್ನ ಅರದಿಂದಲೇ ಸವೆಸಬೇಕು. ಮಂದ ಬೆಳಕಲ್ಲಿ ಒಬ್ಬರು ಹಿಡೀಬೇಕು, ಇನ್ನೊಬ್ಬರು ಉಜ್ಜಬೇಕು. ರಾತ್ರಿಯೇ ಮಾಡಿ, ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣಲ್ಲ, ಅಷ್ಟಾಗಿ ಒದ್ದಾಡಲ್ಲ. ಹಳೇ ಟವಲಲ್ಲಿ ರೆಕ್ಕೆ ಸೇರಿಸಿ ಸುತ್ತಿ ಕಂಕುಳಲ್ಲಿ ಇಟ್ಕೊಳ್ಳಿ. ಎದೆ ಅದುಮಬೇಡಿ, ಕೋಳಿ ಎದೆ ಹಿಗ್ಗಿಸಿಯೇ ಉಸಿರಾಡೋದು, ಬಿಗಿಹಿಡಿದರೆ ಕೈಯಲ್ಲೇ ಸಾಯುತ್ತೆ. ಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯನ್ನ ಮುಳ್ಳಿಗೆ ಸುತ್ತಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಬುಡವನ್ನ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಕಾಲು ಅಲುಗದ ಹಾಗೆ, ತುದಿಯನ್ನಷ್ಟೇ ಸುತ್ತಲೂ ಉಜ್ಜಿ. ಚೂಪು ಹೋಗಿ ಕಡಲೆಬೀಜದ ತುದಿಯಷ್ಟು ದುಂಡಗಾದರೆ ಮುಗೀತು, ಗಿಡ್ಡ ಮಾಡೋ ಆಸೆ ಬೇಡ. ನಡುವೆ ಗುಲಾಬಿ ಚುಕ್ಕಿ ಕಂಡರೆ ಅಲ್ಲಿಗೇ ನಿಲ್ಲಿಸಿ. ರಕ್ತ ಬಂದರೆ ಪಟಿಕದ ಪುಡಿ ಒತ್ತಿ ಹಿಡೀರಿ. ಮತ್ತೆ ಬೆಳೆಯುತ್ತೆ, ಎರಡು ಮೂರು ತಿಂಗಳಿಗೊಮ್ಮೆ ನೋಡ್ತಿರಿ.

ಹೇಂಟೆ ಮಂಕಾಗಿ ಕೂತಿದ್ದರೆ ರೆಕ್ಕೆ ಎತ್ತಿ ಪಕ್ಕೆ ನೋಡಿ. ಮುಳ್ಳು ಸೀಳೋದು ಅಲ್ಲೇ, ಪುಕ್ಕ ಮುಚ್ಚಿಕೊಂಡು ಮೇಲಿಂದ ಏನೂ ಕಾಣಲ್ಲ. ಕುದಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ತೆಳ್ಳಗೆ ಹಚ್ಚಿ. ಗಾಯದ ಕೋಳಿಯನ್ನ ಗುಂಪಲ್ಲಿ ಬಿಡಲೇಬೇಡಿ, ಕೆಂಪು ಕಂಡರೆ ಮಿಕ್ಕವು ಕುಕ್ಕಿ ಕುಕ್ಕಿ ಕೊಂದುಬಿಡುತ್ತವೆ. ನೊಣ ಕೂತರೆ ಒಂದೇ ದಿನಕ್ಕೆ ಹುಳ ಬೀಳುತ್ತೆ, ಹಾಗಾಗಿ ಸೊಳ್ಳೆಪರದೆ ಹೊದಿಸಿದ ಮಂಕರಿಯಲ್ಲಿಡಿ. ಮಂಕರಿ ಗೂಡಿನ ಪಕ್ಕದಲ್ಲೇ ಇರಲಿ, ಇಲ್ಲದಿದ್ದರೆ ಮಿಕ್ಕವು ಗುರುತು ಮರೆತು ಹೊಸದಾಗಿ ಜಗಳ ತೆಗೆಯುತ್ತವೆ. ಹೊಟ್ಟೆಯೊಳಗೇ ಸೀಳಿದ್ದರೆ ಪಶುವೈದ್ಯರ ಹತ್ತಿರ ಹೋಗಿ. ವಾಸಿಯಾದ ಮೇಲೆ ಹಗಲು ಬಿಡಬೇಡಿ, ರಾತ್ರಿ ಮಿಕ್ಕವೆಲ್ಲ ಗೂಡಲ್ಲಿ ಕೂತ ಮೇಲೆ ಮೆಲ್ಲಗೆ ಕೋಲಿನ ಮೇಲೆ ಕೂರಿಸಿ.