ಇಂದ್ರಾಳಿಯ ಮನೆಯಲ್ಲೊಂದು ವಿಪಿಎನ್

ನಾನು ಉಡುಪಿಯಲ್ಲಿದ್ದುಕೊಂಡು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವವನು. ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವುದು, ವರ್ಷಕ್ಕೊಮ್ಮೆ ಆದಾಯ ತೆರಿಗೆ. ಅರ್ಧ ಕೆಲಸ ಇಂದ್ರಾಳಿಯ ಮನೆಯಲ್ಲಿ, ಇನ್ನರ್ಧ ಬೇರೆಯವರ ಜಾಗದಲ್ಲಿ. ಮಂಗಳೂರು ಬಂದರಿನ ಮಸಾಲೆ ಅಂಗಡಿಯ ಮಹಡಿ, ಹಂಪನಕಟ್ಟೆಯ ಹೋಟೆಲ್, ರೈಲು ತಡವಾದರೆ ಸ್ಟೇಷನ್ನಿನ ಬೆಂಚು. ಎಲ್ಲ ಕಡೆ ವೈಫೈ ಅವರದ್ದು. ಲ್ಯಾಪ್‌ಟಾಪಿನಲ್ಲಿರುವ ಪ್ಯಾನ್, ಖಾತೆ ನಂಬರ್, ಲಾಗಿನ್ ಮಾತ್ರ ನನ್ನ ಗಿರಾಕಿಗಳದ್ದು. ಅದಕ್ಕೇ ವಿಪಿಎನ್, ಅಂದರೆ ನೆಟ್ ಓಡಾಟಕ್ಕೊಂದು ಗುಟ್ಟಿನ ದಾರಿ, ಅದರ ತಂಟೆಗೆ ಹೋದದ್ದು.

ಹೊರಗಿನ ವೈಫೈ ಹಾಕಿದ ಕೂಡಲೇ ಎಲ್ಲವೂ ಕಳುವಾಗುತ್ತದೆ ಎಂದು ಹೆದರಿಸುವ ಜಾಹೀರಾತು ಬೇಕಾದಷ್ಟಿವೆ. ಅದು ಹಳೆಯ ಕತೆ. ಈಗ ಬ್ಯಾಂಕು, ಪೋರ್ಟಲ್, ಮೇಲ್ ಎಲ್ಲವೂ ಎಚ್‌ಟಿಟಿಪಿಎಸ್‌ನಲ್ಲೇ ಓಡುತ್ತವೆ. ಅಂಟಿಸಿದ ಲಕೋಟೆಯ ಹಾಗೆ, ಒಳಗಿನ ಕಾಗದ ದಾರಿಯಲ್ಲಿ ಯಾರಿಗೂ ಓದಲು ಸಿಗುವುದಿಲ್ಲ. ಮೇಲೆ ಬರೆದ ವಿಳಾಸ ಕಾಣುತ್ತದೆ. ಯಾವ ಬ್ಯಾಂಕಿನ ಸೈಟ್, ಯಾವ ಆಸ್ಪತ್ರೆಯ ಸೈಟ್, ಎಷ್ಟು ಹೊತ್ತಿಗೆ ಎಂಬುದು ವೈಫೈ ಕೊಟ್ಟವರಿಗೆ ಗೊತ್ತಾಗುತ್ತದೆ.

ಆ ವಿಳಾಸದಲ್ಲಿ ಎಷ್ಟು ಕತೆ ಇರುತ್ತದೆ ಅಂತ ಅರ್ಥವಾದದ್ದು ನನ್ನ ಮನೆಯಲ್ಲೇ. ಜಾಹೀರಾತು ತಡೆಯಲಿಕ್ಕೆಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದು ಅದರಲ್ಲಿ ಪೈ-ಹೋಲ್ ಎಂಬ ತಂತ್ರಾಂಶ ಹಾಕಿದ್ದೆ. ಇದು ಮನೆಯ ಪ್ರತಿ ಸಾಧನ ಯಾವ ಸೈಟಿನ ಹೆಸರು ಕೇಳಿತು ಎಂಬುದನ್ನು ಬರೆದಿಡುತ್ತದೆ. ಒಂದು ರಾತ್ರಿ ಆ ಪಟ್ಟಿ ತೆರೆದು ಕೂತೆ. ಟೀವಿ ಆಫ್ ಮಾಡಿದ್ದರೂ ಅದರ ಕಂಪನಿಗೆ ಸುದ್ದಿ ಕಳಿಸುತ್ತಲೇ ಇತ್ತು. ಹೆಂಡತಿಯ ಫೋನಿನಿಂದ ಒಂದು ಲ್ಯಾಬಿನ ಹೆಸರು, ಅದರ ಹಿಂದೆಯೇ ಒಂದು ಔಷಧಿ ಆ್ಯಪ್. ಮಗಳ ಟ್ಯಾಬ್‌ನಿಂದ ಹನ್ನೊಂದು ಗಂಟೆಗೂ ಗೇಮ್ ಸರ್ವರ್, ಮಲಗಿದ್ದಾಳೆ ಅಂದುಕೊಂಡಿದ್ದೆವು! ಯಾವ ಪುಟದ ಒಳಗೂ ಹೋಗದೆ, ಬರೀ ಹೆಸರುಗಳಲ್ಲೇ ಮನೆಯವರ ದಿನಚರಿ ಪೂರ್ತಿ ಸಿಕ್ಕಿತು. ನನಗೆ ಇಷ್ಟು ಕಂಡರೆ ಲಾಡ್ಜಿನ ರೂಟರ್ ನೋಡಿಕೊಳ್ಳುವ ಹುಡುಗನಿಗೂ ಕಾಣಬಹುದು, ಅಲ್ವಾ?

ಇದಕ್ಕೆ ಅತಿ ಸುಲಭದ ಪರಿಹಾರ ನಿಮ್ಮದೇ ಫೋನಿನ ಹಾಟ್‌ಸ್ಪಾಟ್. ವೈಫೈಯವರ ಕಣ್ಣು ಅಲ್ಲಿಗೇ ತಪ್ಪುತ್ತದೆ. ಹೆಚ್ಚಿನವರಿಗೆ ಇಷ್ಟು ಸಾಕು, ಮುಂದೆ ಓದುವುದೂ ಬೇಡ. ಬಂದರಿನ ಹಳೆಯ ದಪ್ಪ ಗೋಡೆಯ ಕಟ್ಟಡದೊಳಗೆ ಸಿಗ್ನಲ್ ನಿಲ್ಲುವುದಿಲ್ಲ ಎಂಬುದು ನನ್ನ ಕಷ್ಟ.

ಹಾಗಾಗಿ ವಿಪಿಎನ್. ಅದು ಮಾಡುವುದು ಇಷ್ಟೇ: ನಿಮ್ಮ ಸಾಧನದಿಂದ ಇನ್ನೊಂದು ಕಡೆಯ ಸರ್ವರ್‌ವರೆಗೆ ಗೂಢಲಿಪಿಯ ಸುರಂಗ ಹಾಕುತ್ತದೆ. ನಡುವಿನ ವೈಫೈಯವನಿಗೆ ಸುರಂಗ ಇದೆ ಅನ್ನುವುದಷ್ಟೇ ಗೊತ್ತು. ಆದರೆ ಸುರಂಗದ ಆಚೆ ತುದಿಯಲ್ಲಿ ಕೂತವನಿಗೆ ಮೊದಲು ವೈಫೈಯವನಿಗೆ ಕಾಣುತ್ತಿದ್ದುದೆಲ್ಲ ಕಾಣುತ್ತದೆ. ಆ ತುದಿಯಲ್ಲಿ ಯಾರು? ನಾನು ತಲೆಕೆಡಿಸಿಕೊಂಡದ್ದೆಲ್ಲ ಈ ಒಂದು ಪ್ರಶ್ನೆಗೆ.

ಪುಕ್ಕಟೆ ವಿಪಿಎನ್ ಆ್ಯಪ್‌ಗಳನ್ನು ಮೊದಲೇ ಬದಿಗಿಟ್ಟೆ. ಒನಾವೋ ನೆನಪಿದೆಯಾ? ಫೇಸ್‌ಬುಕ್ 2013ರಲ್ಲಿ ಆ ಕಂಪನಿಯನ್ನು ಕೊಂಡುಕೊಂಡಿತು. ರಕ್ಷಣೆಯ ಹೆಸರಿನಲ್ಲಿ ಜನರ ಕೈಗೆ ವಿಪಿಎನ್ ಕೊಟ್ಟು, ಯಾರು ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅಂತ ನೋಡುತ್ತಿತ್ತು. 2018ರಲ್ಲಿ ಆ್ಯಪಲ್ ಸ್ಟೋರಿನಿಂದ, 2019ರಲ್ಲಿ ಪ್ಲೇ ಸ್ಟೋರಿನಿಂದ ಹೋಯಿತು. ಹೋಲಾ ಎಂಬುದು ಬಳಕೆದಾರರ ಕನೆಕ್ಷನ್ನನ್ನೇ ಇನ್ನೊಬ್ಬರಿಗೆ ಮಾರುತ್ತಿತ್ತು ಎಂಬುದು 2015ರಲ್ಲಿ ಬಯಲಾಯಿತು. ಅಂದರೆ ನಿಮ್ಮ ಮನೆಯ ಐಪಿ ವಿಳಾಸದಿಂದ (ನೆಟ್‌ನಲ್ಲಿ ನಿಮ್ಮ ಕನೆಕ್ಷನ್ನಿನ ನಂಬರ್) ಯಾರೋ ಏನೋ ಮಾಡಬಹುದಿತ್ತು. ಸರ್ವರ್ ಬಾಡಿಗೆ ಯಾರಾದರೂ ಕಟ್ಟಲೇಬೇಕು. ನೀವು ಕಟ್ಟದಿದ್ದರೆ ಯಾರು ಕಟ್ಟುತ್ತಾರೆ ಅಂತ ಕೇಳಿಕೊಳ್ಳಿ.

ದುಡ್ಡು ಕೊಟ್ಟು ಕೊಳ್ಳುವ ಒಳ್ಳೆಯ ವಿಪಿಎನ್‌ಗಳಿವೆ, ಅವುಗಳ ಮೇಲೆ ನನಗೆ ದೂರಿಲ್ಲ. ಆದರೆ ನಮ್ಮ ದೇಶದ ಲೆಕ್ಕ ಸ್ವಲ್ಪ ಬೇರೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ಸಾರ್ವಜನಿಕರಿಗೆ ವಿಪಿಎನ್ ಸೇವೆ ಕೊಡುವವರು ಗಿರಾಕಿಯ ಹೆಸರು, ವಿಳಾಸ, ಫೋನ್ ನಂಬರ್, ಕೊಟ್ಟ ಐಪಿ ಇವನ್ನೆಲ್ಲ 5 ವರ್ಷ ಇಟ್ಟುಕೊಳ್ಳಬೇಕು ಎಂದಿತು. ದೊಡ್ಡ ಕಂಪನಿಗಳು ಒಪ್ಪಲಿಲ್ಲ. ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್, ಪ್ರೋಟಾನ್ ಒಂದರ ಹಿಂದೆ ಒಂದು ಭಾರತದಲ್ಲಿದ್ದ ಸರ್ವರ್ ತೆಗೆದವು. ಈಗ ಇಂಥ ಆ್ಯಪ್‌ಗಳಲ್ಲಿ 'ಇಂಡಿಯಾ' ಅಂತ ಕಂಡರೂ ಯಂತ್ರ ಸಿಂಗಾಪುರದಂಥ ಕಡೆ ಇರಬಹುದು, ಐಪಿ ಮಾತ್ರ ಭಾರತದ್ದು. ಬೇರೆ ದೇಶದ ಐಪಿ ಆರಿಸಿದರೆ ನನ್ನ ಕೆಲಸ ನಿಲ್ಲುತ್ತದೆ. ಕೆಲವು ಸರ್ಕಾರಿ ಸೈಟುಗಳು ತೆರೆಯುವುದಿಲ್ಲ, ಬ್ಯಾಂಕ್ ಆ್ಯಪ್ ಮುಖ ಸಿಂಡರಿಸಿಕೊಳ್ಳುತ್ತದೆ.

ಕ್ಲೌಡಿನಲ್ಲಿ ಒಂದು ಸರ್ವರ್ ಬಾಡಿಗೆಗೆ ಹಿಡಿ ಅಂದವರೂ ಇದ್ದರು. ಅದೇ ನಿರ್ದೇಶನ ಆ ಸರ್ವರ್ ಬಾಡಿಗೆಗೆ ಕೊಡುವವರಿಗೂ ಅನ್ವಯ. ಸಾಲದ್ದಕ್ಕೆ ಆ ಐಪಿ ಬಳಸುವವನು ನಾನೊಬ್ಬನೇ, ಬಿಲ್ಲು ನನ್ನ ಕಾರ್ಡಿನದ್ದು. ಅಲ್ಲಿ ಗುರುತು ಅಡಗುವುದೆಲ್ಲಿ?

ನನಗೆ ಗುರುತು ಅಡಗಿಸುವುದು ಬೇಕಿರಲಿಲ್ಲ. ಪರರ ವೈಫೈಯಲ್ಲಿ ಕೂತಾಗ ನನ್ನ ಮನೆಯಲ್ಲಿ ಕೂತ ಹಾಗೆ ಆಗಬೇಕಿತ್ತು, ಅಷ್ಟೇ. ಹಾಗಾದರೆ ಸುರಂಗದ ಆಚೆ ತುದಿ ಮನೆಯೇ ಯಾಕಾಗಬಾರದು? ಪೈ ಹೇಗೂ ಓಡುತ್ತಿತ್ತು. ಅದರಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಹಾಕಿದೆ. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಇದು ಕರ್ನಲ್‌ನೊಳಗೇ, ಅಂದರೆ ಲಿನಕ್ಸ್‌ನ ತಿರುಳಿನಲ್ಲೇ ಇದೆ. ಪ್ರತಿ ಸಾಧನಕ್ಕೂ ಒಂದು ಜೋಡಿ ಕೀಲಿ, ಒಂದೊಂದು 44 ಅಕ್ಷರದ್ದು, ಕೊನೆಯಲ್ಲಿ ಒಂದು '=' ಚಿಹ್ನೆ. ಖಾಸಗಿ ಕೀಲಿ ಇದ್ದಲ್ಲೇ ಇರಬೇಕು, ಬಹಿರಂಗ ಕೀಲಿ ಮಾತ್ರ ಆಚೆಯವರಿಗೆ. ಫೋನಿಗಾದರೆ ಕ್ಯೂಆರ್ ಕೋಡ್ ತೋರಿಸಿದರೆ ಮುಗಿಯಿತು. ನನಗೆ ಇದರಲ್ಲಿ ತುಂಬ ಹಿಡಿಸಿದ್ದೆಂದರೆ ಕೀಲಿ ಇಲ್ಲದವರು ಬಾಗಿಲು ಬಡಿದರೆ ಇದು ಉತ್ತರವನ್ನೇ ಕೊಡುವುದಿಲ್ಲ. ಹೊರಗಿನಿಂದ ಪೋರ್ಟ್ (ಒಳಬರುವ ಬಾಗಿಲಿನ ನಂಬರ್) ತಡಕುವವನಿಗೆ ಅಲ್ಲೇನೋ ಇದೆ ಅಂತಲೂ ತಿಳಿಯದು.

ತೊಡಕು ಇದ್ದದ್ದು ಮನೆಯ ಕನೆಕ್ಷನ್ನಿನಲ್ಲಿ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಸ್ವಂತ ಐಪಿ ಇರುವುದಿಲ್ಲ. ಹಲವು ಮನೆಗಳಿಗೆ ಸೇರಿ ಒಂದು ಐಪಿ ಹಂಚಿರುತ್ತಾರೆ, ಇದನ್ನು ಸಿಜಿ-ನ್ಯಾಟ್ ಅನ್ನುತ್ತಾರೆ. ನೋಡುವುದು ಸುಲಭ. ರೂಟರ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಹೊರಗಿನ ಕಡೆಯ ಐಪಿ, 100.64ರಿಂದ 100.127ರ ನಡುವೆ ಇದ್ದರೆ ಹೊರಗಿನಿಂದ ನೇರವಾಗಿ ನಿಮ್ಮ ಮನೆಗೆ ದಾರಿ ಇಲ್ಲ. ನನ್ನದೂ ಹಾಗೇ ಇತ್ತು. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿದೆ. ಮೊದಲು "ಎಂತಕ್ಕೆ ಸಾರ್, ಸಿಸಿ ಕ್ಯಾಮೆರಾಕ್ಕಾ?" ಅಂದರು. ಹೌದು ಅನ್ನುವುದೇ ಸಲೀಸು ಅನ್ನಿಸಿತು. ತಿಂಗಳಿಗೆ ಇಷ್ಟು ಅಂತ ಜಾಸ್ತಿ ಕಟ್ಟಿದರೆ ಸ್ವಂತ ಐಪಿ ಕೊಡುತ್ತಾರೆ. ಆಮೇಲೆ ರೂಟರಿನಲ್ಲಿ ವೈರ್‌ಗಾರ್ಡ್ ಬಳಸುವ ಯುಡಿಪಿ 51820 ಪೋರ್ಟನ್ನು ಪೈಗೆ ತಿರುಗಿಸಿದೆ.

ಆ ದುಡ್ಡು ಬೇಡ ಅನ್ನುವವರಿಗೆ ಟೇಲ್‌ಸ್ಕೇಲ್ ಎಂಬ ಸೇವೆ ಇದೆ. ಕುಂದಾಪುರದ ಗೆಳೆಯನ ಮನೆಗೆ ಅದನ್ನೇ ಹಾಕಿಕೊಟ್ಟೆ. ಒಳಗಿರುವುದು ವೈರ್‌ಗಾರ್ಡೇ. ಎರಡು ಸಾಧನಗಳು ಸಿಜಿ-ನ್ಯಾಟ್ ಹಿಂದಿದ್ದರೂ ಒಂದನ್ನೊಂದು ಹುಡುಕಿಕೊಳ್ಳುವ ಹಾಗೆ ನಡುವೆ ಕಂಪನಿ ನೆರವಾಗುತ್ತದೆ. ಖಾಸಗಿ ಕೀಲಿ ಅವರಿಗೆ ಸಿಗುವುದಿಲ್ಲ. ಯಾವ ಸಾಧನ ಯಾವುದರ ಜೊತೆ ಸೇರಿತು ಎಂಬುದು ಮಾತ್ರ ಅವರಿಗೆ ಗೊತ್ತು. ಮನೆಬಳಕೆಗೆ ದುಡ್ಡಿಲ್ಲ. ಗೆಳೆಯನಿಗೆ ಅಷ್ಟು ಸಾಕಾಯಿತು.

ಇನ್ನು ಎರಡು ವಿಷಯ, ಇವನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದು ಐಪಿವಿ6, ಅಂದರೆ ಐಪಿ ವಿಳಾಸದ ಹೊಸ ಬಗೆ. ನಮ್ಮ ಮೊಬೈಲ್ ನೆಟ್‌ವರ್ಕುಗಳಲ್ಲಿ ಇದು ಧಾರಾಳವಾಗಿದೆ. ಸುರಂಗಕ್ಕೆ ಬರೀ ಹಳೆಯ ಐಪಿವಿ4 ಹಾದಿಯನ್ನಷ್ಟೇ ಬರೆದರೆ ಐಪಿವಿ6 ಟ್ರಾಫಿಕ್ ಸುಮ್ನೆ ಪಕ್ಕದಿಂದ ಹೊರಗೆ ಹೋಗುತ್ತದೆ. ಫೋನಿನ ಮೇಲೆ ವಿಪಿಎನ್‌ನ ಕೀಲಿ ಗುರುತು ಕಾಣುತ್ತಿರುತ್ತದೆ, ನಾವು ನಿಶ್ಚಿಂತರು! ಯಾವುದೆಲ್ಲ ಸುರಂಗದಲ್ಲಿ ಹೋಗಬೇಕು ಅಂತ ಬರೆಯುವ ವೈರ್‌ಗಾರ್ಡಿನ ಅಲೌಡ್ ಐಪೀಸ್ ಸಾಲಿನಲ್ಲಿ 0.0.0.0/0 ಜೊತೆಗೆ ::/0 ಕೂಡ ಇರಬೇಕು. ಐಪಿ ತೋರಿಸುವ ಯಾವುದಾದರೂ ಸೈಟಿನಲ್ಲಿ ವಿಪಿಎನ್ ಹಾಕಿ, ತೆಗೆದು ಎರಡೂ ಬಗೆಯ ಐಪಿ ನೋಡಿಕೊಳ್ಳಿ.

ಇನ್ನೊಂದು ಎಂಟಿಯು, ಅಂದರೆ ಒಂದೊಂದು ಪೊಟ್ಟಣದ ಗಾತ್ರ. ಬಂದರಿನ ಅಂಗಡಿಯಲ್ಲಿ ಸುರಂಗ ಕೂಡುತ್ತಿತ್ತು, ಪಿಂಗ್ (ಆಚೆ ತುದಿ ಇದೆಯಾ ಅಂತ ಕೇಳುವ ಸಣ್ಣ ಪರೀಕ್ಷೆ) ಹೋಗುತ್ತಿತ್ತು, ಸಣ್ಣ ಪುಟಗಳು ಬರುತ್ತಿದ್ದವು. ದೊಡ್ಡ ಪೋರ್ಟಲ್ ಮಾತ್ರ ಅರ್ಧ ಬಿಳಿಯಾಗಿ ನಿಂತುಬಿಡುತ್ತಿತ್ತು. ಕಾರಣ ಲೆಕ್ಕದಲ್ಲೇ ಇತ್ತು. ಮಾಮೂಲಿ ದಾರಿಯಲ್ಲಿ 1500 ಬೈಟ್ ಹೋಗುತ್ತದೆ, ವೈರ್‌ಗಾರ್ಡ್ ತನಗೆ 80 ಇಟ್ಟುಕೊಂಡು 1420 ಕೊಡುತ್ತದೆ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಕೂಡುವ ಬಗೆ) ಮೇಲೆ ಓಡುವ ಫೈಬರ್‌ನಲ್ಲಿ ದಾರಿಯೇ 1492. ಅಲ್ಲಿಗೆ 1412 ದಾಟಬಾರದು. ಮೊಬೈಲಿನಲ್ಲಿ ಇನ್ನೂ ಕಡಿಮೆ ಇರಬಹುದು. ನಾನು ತಲೆಬಿಸಿ ಬೇಡ ಅಂತ ಎಲ್ಲ ಕಡೆ 1280 ಹಾಕಿದೆ. ವೇಗದಲ್ಲಿ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಪುಟಗಳು ಬಂದವು.

ಹೋಟೆಲು, ಸ್ಟೇಷನ್ನಿನ ವೈಫೈಯಲ್ಲಿ ಮೊದಲು ಒಟಿಪಿ ಕೇಳುವ ಪುಟ ಬರುತ್ತದೆ. ಆಂಡ್ರಾಯ್ಡಿನಲ್ಲಿ 'ವಿಪಿಎನ್ ಇಲ್ಲದೆ ಏನೂ ಹೋಗಬಾರದು' ಅಂತ ಸೆಟ್ ಮಾಡಿದ್ದರೆ ಆ ಪುಟವೇ ತೆರೆಯದೆ ಇರಬಹುದು. ಹಾಗಾದಾಗ ಒಂದು ಕ್ಷಣ ತೆಗೆದು, ಒಟಿಪಿ ಕೊಟ್ಟು, ಮತ್ತೆ ಹಾಕುತ್ತೇನೆ.

ಮಳೆಗಾಲ ಬೇರೆ ಪಾಠ. ಫೈಬರ್‌ನಲ್ಲಿ ಸಿಡಿಲು ಬರುವುದಿಲ್ಲ, ಅಡಾಪ್ಟರ್ ಹಾಕಿದ ಪ್ಲಗ್ಗಿನಲ್ಲಿ ಬರುತ್ತದೆ. ಜೂನ್ ಹತ್ತಿರ ಬಂದರೆ ಗುಡುಗು ಕೇಳಿದ ಕೂಡಲೇ ಅಮ್ಮ ಎಲ್ಲ ಪ್ಲಗ್ ಕಿತ್ತು ಹಾಕುತ್ತಾರೆ, ನಾನು ಮಂಗಳೂರಿನಲ್ಲಿ ಸುರಂಗ ಇಲ್ಲದೆ ಕೂರುತ್ತೇನೆ. ಬೈಯುವ ಹಾಗಿಲ್ಲ, ಅವರು ಮಾಡುವುದೇ ಸರಿ. ಕರೆಂಟು ಹೋಗಿ ಬಂದು ಮಾಡಿದರೆ ಪೈಯ ಎಸ್‌ಡಿ ಕಾರ್ಡ್ ಕೆಡುತ್ತದೆ. ರೂಟರಿಗೂ ಪೈಗೂ ಸಣ್ಣ ಯುಪಿಎಸ್ ಹಾಕಿದ್ದೇನೆ, ಕಾರ್ಡಿನ ನಕಲೊಂದು ಡ್ರಾಯರಿನಲ್ಲಿದೆ.

ದುಬೈಯಲ್ಲಿರುವ ಭಾವನಿಗೆ ಈ ಸುದ್ದಿ ಹೋಯಿತು. ಅಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ ಅಂತ ಗೊತ್ತಲ್ಲ. "ನನ್ನನ್ನೂ ಅದಕ್ಕೆ ಸೇರಿಸು ಮಾರಾಯ, ಮಕ್ಕಳ ಮುಖ ನೋಡಿ ಮಾತಾಡ್ಬಹುದು" ಅಂದರು. "ಇದೊಂದು ಆಗ್ಲಿಕ್ಕಿಲ್ಲ ಭಾವ" ಅಂದೆ. ಅಲ್ಲಿನ 2021ರ ಸೈಬರ್ ಕಾನೂನಿನಲ್ಲಿ ವಿಪಿಎನ್ ಇಟ್ಟುಕೊಳ್ಳುವುದೇ ಅಪರಾಧವಲ್ಲ. ಐಪಿ ಮರೆಸಿ ಕಾನೂನು ಒಪ್ಪದ ಕೆಲಸ ಮಾಡಿದರೆ ದಂಡ 5 ಲಕ್ಷ ದಿರ್ಹಮ್‌ನಿಂದ ಶುರು, 20 ಲಕ್ಷದವರೆಗೆ. ವಾಟ್ಸಾಪ್ ಕಾಲ್ ಅದರೊಳಗೆ ಬರುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಲಿಕ್ಕೆ ಭಾವನ ವೀಸಾ ಪಣಕ್ಕಿಡಲು ನನಗೆ ಮನಸ್ಸಿಲ್ಲ. ಅಲ್ಲಿ ಅನುಮತಿ ಇರುವ ಬೋಟಿಮ್ ಆ್ಯಪ್‌ನಲ್ಲೇ ಮಾತಾಡುತ್ತೇವೆ.

ಮಸಾಲೆ ಅಂಗಡಿಯ ಯಜಮಾನರ ಪ್ರಶ್ನೆ ಬೇರೆ. "ತಪ್ಪು ಮಾಡದವನಿಗೆ ಮುಚ್ಚಿಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?" ಅಂತ ನಕ್ಕರು. "ಹಾಗಾದ್ರೆ ನಿಮ್ಮ ಖರೀದಿ ರೇಟು ಪಕ್ಕದ ಅಂಗಡಿಯವರಿಗೆ ಹೇಳ್ಲಾ?" ಅಂದೆ. ಮಾತು ಅಲ್ಲಿಗೆ ನಿಂತಿತು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಲ್ಲೇ ಎಂಬುದನ್ನೂ ಸೇರಿಸಿದೆ. ಅವರಿಗೆ ರೇಟಿನ ಮಾತೇ ಹೆಚ್ಚು ತಾಗಿದ್ದು.

ಇದರಿಂದ ಆಗದೇ ಇರುವುದು ಬಹಳ. ನನ್ನ ಮನೆಯ ಕನೆಕ್ಷನ್ ಕೊಟ್ಟವರಿಗೆ ನಾನು ಹೋದ ಕಡೆಯೆಲ್ಲ ಈಗಲೂ ಕಾಣಬಹುದು. ಪೈಯಿಂದ ಹೊರಗೆ ಹೋಗುವ ಡಿಎನ್‌ಎಸ್ ಕೇಳಿಕೆಗಳನ್ನು (ಸೈಟಿನ ಹೆಸರಿಗೆ ಐಪಿ ಯಾವುದು ಅಂತ ಕೇಳುವುದು) ಗೂಢಲಿಪಿಯಲ್ಲಿ ಕಳಿಸಿದ್ದರಿಂದ ಸ್ವಲ್ಪ ಕಡಿಮೆಯಾಗಿದೆ, ಅಷ್ಟೇ. ಗೂಗಲ್‌ಗೆ ಲಾಗಿನ್ ಆಗಿದ್ದರೆ ಗೂಗಲ್‌ಗೆ ನಾನು ಯಾರೆಂದು ಗೊತ್ತು. ಟ್ರಾಫಿಕ್ ಚಲನ್, ಮದುವೆ ಕಾಗದ ಅಂತ ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲನ್ನು (ಫೋನಿಗೆ ಆ್ಯಪ್ ಹಾಕುವ ಫೈಲು) ಒತ್ತಿದರೆ ಯಾವ ಸುರಂಗವೂ ಕಾಯುವುದಿಲ್ಲ.

ಇನ್ನೊಂದು ಕೆಲಸ ಮರೆಯಬಾರದು. ಫೋನ್ ಮಾರಿದರೆ, ಕಳೆದುಹೋದರೆ ಮೊದಲು ಪೈಗೆ ಹೋಗಿ ಆ ಸಾಧನದ ಕೀಲಿ ಅಳಿಸಿ. ಆ ಕೀಲಿ ಸಿಕ್ಕಿದವನು ನೇರ ನಿಮ್ಮ ಮನೆಯ ನೆಟ್‌ವರ್ಕಿಗೇ ಬರುತ್ತಾನೆ. ಯಾವ ಕೀಲಿ ಯಾರ ಫೋನಿನದ್ದು ಅಂತ ಫೈಲಿನಲ್ಲಿ ಪಕ್ಕದಲ್ಲೇ ಹೆಸರು ಬರೆದಿಟ್ಟರೆ ಅಳಿಸುವಾಗ ಹುಡುಕಾಟ ಇರುವುದಿಲ್ಲ.