ಮಳೆ ರಜೆ ಮತ್ತು ಹೊಟ್ಟೆನೋವು

ಶಿರಸಿಯಲ್ಲಿ ನನ್ನ ಹತ್ತಿರ ವಿಶೇಷ ಪಾಠಕ್ಕೆ ಬರುವವರಲ್ಲಿ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳೇ ಹೆಚ್ಚು. ಆದರೆ ಅಪ್ಪ-ಅಮ್ಮ ಮೊದಲು ಹೇಳುವುದು ಗಮನದ ಸುದ್ದಿಯಲ್ಲ. "ಬೆಳಗಾದ್ರೆ ಹೊಟ್ಟೆನೋವು ಅಂತಾನೆ, ಡಾಕ್ಟ್ರು ಏನೂ ಇಲ್ಲ ಅಂದ್ರು" ಅನ್ನುತ್ತಾರೆ.

ಇಂಥ ಹೊಟ್ಟೆನೋವಿನ ಹಿಂದೆ ಎಷ್ಟೋ ಸಲ ಆತಂಕ ಇರುತ್ತದೆ. ಎಡಿಎಚ್‌ಡಿ ಮತ್ತು ಆತಂಕದ ಜೋಡಿ ಅಪರೂಪದ್ದಲ್ಲ. 579 ಮಕ್ಕಳನ್ನು ಒಳಗೊಂಡು 1999ರಲ್ಲಿ ಪ್ರಕಟವಾದ, ಎಡಿಎಚ್‌ಡಿ ಚಿಕಿತ್ಸೆಗಳನ್ನು ಹೋಲಿಸಿದ ಅಮೆರಿಕದ ಎಂಟಿಎ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮಗುವಿಗೆ ಆತಂಕದ ತೊಂದರೆಯೂ ಇತ್ತು. ನಡವಳಿಕೆಯನ್ನು ಅಭ್ಯಾಸದಿಂದ ತಿದ್ದುವ ವರ್ತನಾ ಚಿಕಿತ್ಸೆ ಉಳಿದವರಿಗಿಂತ ಅಂಥ ಮಕ್ಕಳಿಗೆ ಹೆಚ್ಚು ಒಗ್ಗಿತ್ತು.

ಪುಸ್ತಕ ತೆರೆದಿಟ್ಟು ಕಿಟಕಿಯಾಚೆ ನೋಡುವ ಹುಡುಗನ ಗಮನ ಜಾರಿದೆಯೋ, ಚಿಂತೆ ಹತ್ತಿದೆಯೋ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಎಡಿಎಚ್‌ಡಿ ಚಿಕ್ಕಂದಿನಿಂದ ಮನೆ, ಶಾಲೆ, ನೆಂಟರ ಮನೆ ಎಲ್ಲ ಕಡೆಯೂ ಜೊತೆಗೇ ಬರುತ್ತದೆ. ಆತಂಕಕ್ಕೆ ಸಾಮಾನ್ಯವಾಗಿ ಹೊತ್ತು-ಗೊತ್ತು ಇರುತ್ತದೆ. ಹಾಗಾಗಿ ನೋವು ಯಾವಾಗ, ಯಾವುದಕ್ಕಿಂತ ಮೊದಲು ಬಂತು ಎಂದು ಮನೆಯವರಿಂದ ಬರೆಸುತ್ತೇನೆ.

ನಾಲ್ಕನೇ ಕ್ಲಾಸಿನ ಒಬ್ಬನ ಪಟ್ಟಿಯಲ್ಲಿ ಜುಲೈ ತುಂಬ ಹೊಟ್ಟೆನೋವು. ಜಡಿಮಳೆಯ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲಿ ರಜೆ ಇದೆಯೋ ಇಲ್ಲವೋ ತಿಳಿಯುವಾಗ ಕೆಲವೊಮ್ಮೆ ರಾತ್ರಿಯಾಗುತ್ತದೆ, ಕೆಲವೊಮ್ಮೆ ಬೆಳಗೇ ಆಗುತ್ತದೆ. ಉಳಿದ ಮಕ್ಕಳಿಗೆ ಅದು ಲಾಟರಿ. ಇವನ ಹೋಂವರ್ಕ್ ಅರ್ಧಕ್ಕೇ ನಿಂತಿರುತ್ತಿತ್ತು. ರಜೆ ಸಿಕ್ಕರೆ ಬಚಾವು, ಇಲ್ಲದಿದ್ದರೆ ಎಲ್ಲರೆದುರು ನಿಲ್ಲಬೇಕು. ರಾತ್ರಿಯೆಲ್ಲ "ಆಯಿ, ನಾಳೆ ಶಾಲೆ ಇದ್ಯಾ?" ಎಂಬ ಒಂದೇ ಪ್ರಶ್ನೆ.

ಅಡುಗೆಮನೆ ಬಾಗಿಲಿಗೆ ಒಂದು ಹಲಗೆ ಹಾಕಿಸಿದೆ. ಎಡಕ್ಕೆ "ಶಾಲೆ ಇದ್ದರೆ", ಬಲಕ್ಕೆ "ರಜೆಯಾದರೆ". ಎರಡರ ಕೆಳಗೂ ಏಳುವುದರಿಂದ ಹಿಡಿದು ಮಾಡಬೇಕಾದ್ದನ್ನು ಅವನೇ ಚಿತ್ರ ಬರೆದು ಅಂಟಿಸಿದ. ರಜೆಯ ಸುದ್ದಿ ಕಾಯದೆ ಊಟಕ್ಕೆ ಮೊದಲೇ ಚೀಲ ಜೋಡಿಸುವುದು. ಅವನು ಕೇಳಿದಾಗಲೆಲ್ಲ "ಏನೂ ಆಗಲ್ಲ, ಹೆದರಬೇಡ" ಎನ್ನುವುದನ್ನು ಮನೆಯವರು ನಿಲ್ಲಿಸಬೇಕಿತ್ತು. ಆ ಸಮಾಧಾನ ಐದು ನಿಮಿಷ ಬಾಳುತ್ತದೆ, ಆಮೇಲೆ ಮತ್ತೆ ಅದೇ ಪ್ರಶ್ನೆ. ಬದಲಿಗೆ ಹಲಗೆ ತೋರಿಸುವುದು, ಅಷ್ಟೇ. ಅಜ್ಜಿಗೆ ಇದು ಕಲ್ಲುಹೃದಯ ಅನಿಸಿತು. ಅವರನ್ನು ಒಪ್ಪಿಸುವುದೇ ಕಷ್ಟದ ಕೆಲಸವಾಯಿತು.

ಕ್ಲಾಸ್ ಟೀಚರ್ ಲೆಕ್ಕಗಳನ್ನು ಅರ್ಧಕ್ಕಿಳಿಸಿ, ಹೋಂವರ್ಕ್ ವಿಚಾರವನ್ನು ತಮ್ಮ ಮೇಜಿನ ಹತ್ತಿರ ಕರೆದು ಕೇಳತೊಡಗಿದರು. ನನ್ನ ಲೆಕ್ಕದಲ್ಲಿ ಹಲಗೆಗಿಂತ ಹೆಚ್ಚು ಕೆಲಸ ಮಾಡಿದ್ದು ಇದೇ.

ಮಾತ್ರೆಯ ತೀರ್ಮಾನ ಮನೋವೈದ್ಯರದ್ದು. ಇಲ್ಲಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿಬರುವವರಿದ್ದಾರೆ. ಅಷ್ಟು ದೂರ ಆಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗನ ಹೊಟ್ಟೆನೋವು ಆಗಸ್ಟ್ ಹೊತ್ತಿಗೆ ಕಡಿಮೆಯಾಯಿತು. ಹೋಂವರ್ಕ್ ಮರೆಯುವುದು ಕಡಿಮೆಯಾಗಿಲ್ಲ. ಆದರೆ ಮರೆತದ್ದನ್ನು ಈಗ ತಾನೇ ಹೋಗಿ ಟೀಚರಿಗೆ ಹೇಳುತ್ತಾನೆ.